ಸಕ್ಕರೆ ಅಚ್ಚು, ಉಕ್ಕಿನ ಅಚ್ಚು

ಬೆಂಗಳೂರಿನಲ್ಲಿ ಬೋರ್ಡ್‌ಗೇಮ್ ಆಡುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಕೆಲವು ನಗೆಚಟಾಕಿ ಬಿಟ್ಟಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಮಾತ್ರ ಹಾಗೇ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮುಂಚೆ ಈ ಮರದ ತುಂಡನ್ನು ಕೈಯಿಂದ ಕೈಗೆ ದಾಟಿಸಿ. ಜೋಪಾನ, ಅದು ಎರಡು ಹೋಳು. ಬೀಳಿಸಿದರೆ ನಮ್ಮಮ್ಮ ನನ್ನನ್ನು ಮನೆಗೆ ಸೇರಿಸುವುದಿಲ್ಲ.

ಮೈಸೂರು ಕಡೆಯವರಿಗೆ ಗೊತ್ತಾಗಿರಬೇಕು. ಸಂಕ್ರಾಂತಿಯ ಸಕ್ಕರೆ ಅಚ್ಚು. ಒಳಗೆ ಕೊರೆದಿರುವುದು ಆನೆ. ಹಿಂದಿನ ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಎರಡೂ ಹೋಳು ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿದು, ತಳದ ತೂತಿನಿಂದ ಸಕ್ಕರೆ ಪಾಕ ಸುರಿಯಬೇಕು. ಕೆಲವು ನಿಮಿಷ ಬಿಟ್ಟು ಬಿಚ್ಚಿದರೆ ಬೆಳ್ಳನೆ ಆನೆ. ಆತುರಪಟ್ಟು ಬಿಚ್ಚಿದರೆ ಸೊಂಡಿಲು ಅಚ್ಚಿನಲ್ಲೇ ಉಳಿಯುತ್ತದೆ, ಸೊಂಡಿಲಿಲ್ಲದ ಆನೆ ನಮ್ಮಂಥ ಹುಡುಗರ ಪಾಲಿಗೆ. ಆನೆಯ ಬೆನ್ನ ಮೇಲಿಂದ ಹೊಟ್ಟೆಯವರೆಗೆ ಒಂದು ಸಣ್ಣ ಏಣು ಬರುತ್ತದಲ್ಲ, ಎರಡು ಹೋಳು ಕೂಡಿದ ಜಾಗದ ಗೆರೆ? ಅದನ್ನು ಅಜ್ಜಿ ಚಾಕುವಿನಲ್ಲಿ ಹೆರೆಯುತ್ತಿದ್ದರು. ಇಲ್ಲಿ ಮಿನಿಯೇಚರ್‌ಗೆ, ಅಂದರೆ ಆಟದ ಪುಟ್ಟ ಗೊಂಬೆಗಳಿಗೆ, ಬಣ್ಣ ಹಚ್ಚುವವರು ಯಾರಿದ್ದೀರೋ, ನೀವೂ ಭಾನುವಾರ ಮಧ್ಯಾಹ್ನ ಮಾಡುವುದು ಅದೇ ಕೆಲಸ. ಮೌಲ್ಡ್ ಲೈನ್ ಹೆರೆಯುವುದು.

ಇವತ್ತಿನ ನನ್ನ ವಿಷಯ, ನಿಂತುಹೋದ ಮಿನಿಯೇಚರ್ ಆಟಗಳನ್ನು ದೊಡ್ಡ ಕಂಪನಿಗಳು ಕ್ರೌಡ್‌ಫಂಡಿಂಗ್ ಮಾಡಿ, ಅಂದರೆ ಜನರಿಂದಲೇ ಮೊದಲು ಹಣ ಎತ್ತಿ, ಮತ್ತೆ ತರುವುದು. ಎಲ್ಲ ಆಟಗಳ ಪಟ್ಟಿ ಒಪ್ಪಿಸಲು ಬಂದಿಲ್ಲ. ಮುಖ್ಯವಾಗಿ ಎರಡು ಆಟ. ಎರಡೂ ಒಂದೇ ಕಂಪನಿಯವು, ಎರಡರ ಹಿಂದೆಯೂ ಒಬ್ಬನೇ ವಿನ್ಯಾಸಕಾರನ ಕೈ ಇದೆ, ಎರಡೂ ಒಂದೇ ವೇದಿಕೆಯಲ್ಲಿ ಎರಡು ವರ್ಷದ ಅಂತರದಲ್ಲಿ ಜನರ ಮುಂದೆ ಬಂದವು. ಒಂದು ಗೆದ್ದಿತು, ಒಂದು ಮಕಾಡೆ ಮಲಗಿತು. ಯಾಕೆ ಅನ್ನುವುದೇ ನನ್ನ ತಲೆ ತಿಂದ ಪ್ರಶ್ನೆ.

ಮೊದಲನೆಯದು ಹೀರೋಕ್ವೆಸ್ಟ್. 1989ರಲ್ಲಿ ಮಿಲ್ಟನ್ ಬ್ರಾಡ್ಲಿ ಕಂಪನಿ ಹೊರತಂದ ಆಟ. ವಿನ್ಯಾಸ ಸ್ಟೀಫನ್ ಬೇಕರ್‌ದು. ಆತ ಮೊದಲು ಬ್ರಿಟನ್ನಿನ ಮಿನಿಯೇಚರ್ ಕಂಪನಿ ಗೇಮ್ಸ್ ವರ್ಕ್‌ಶಾಪ್‌ನಲ್ಲಿದ್ದವನು, ಹಾಗಾಗಿ ಗೊಂಬೆಗಳನ್ನು ಮಾಡಿಕೊಟ್ಟದ್ದು ಗೇಮ್ಸ್ ವರ್ಕ್‌ಶಾಪ್. ಪೆಟ್ಟಿಗೆ ತೆರೆದರೆ ನಾಲ್ಕು ವೀರರು: ಬಾರ್ಬೇರಿಯನ್, ಡ್ವಾರ್ಫ್, ಎಲ್ಫ್, ವಿಜರ್ಡ್. ಅವರಿಗೆದುರಾಗಿ 31 ರಾಕ್ಷಸರು. ಜೊತೆಗೆ ಮೇಜು, ಕಪಾಟು, ಬಾಗಿಲು, ಶವಪೆಟ್ಟಿಗೆ. ಕಪಾಟಿನ ಮೇಲೆ ಅಂಟಿಸಲು ಉಗುರಿನಷ್ಟೂ ದೊಡ್ಡದಿಲ್ಲದ ಪ್ಲಾಸ್ಟಿಕ್ ಇಲಿ. ಆ ಇಲಿ ಕಳೆದುಹೋಗದ ಮನೆಯೇ ಇರಲಿಲ್ಲವಂತೆ.

ನಿಯಮ ಸರಳ. ದಾಳದ ಆರು ಮುಖಗಳಲ್ಲಿ ಮೂರು ತಲೆಬುರುಡೆ, ಎರಡು ಬಿಳಿ ಗುರಾಣಿ, ಒಂದು ಕಪ್ಪು ಗುರಾಣಿ. ತಲೆಬುರುಡೆ ಬಿದ್ದರೆ ಏಟು. ವೀರರನ್ನು ಕಾಯುವುದು ಬಿಳಿ ಗುರಾಣಿ, ರಾಕ್ಷಸರನ್ನು ಕಾಯುವುದು ಕಪ್ಪು ಗುರಾಣಿ. ಇಷ್ಟರಲ್ಲೇ ಎಷ್ಟು ಚೆಂದ ನೋಡಿ: ವೀರನಿಗೆ ತಪ್ಪಿಸಿಕೊಳ್ಳುವ ಅವಕಾಶ ರಾಕ್ಷಸನಿಗಿಂತ ದುಪ್ಪಟ್ಟು. ಅದನ್ನು ಎಲ್ಲೂ ಲೆಕ್ಕದ ಕೋಷ್ಟಕದಲ್ಲಿ ಹೇಳಿಲ್ಲ, ದಾಳದ ಮೈಮೇಲೇ ಕೆತ್ತಿಟ್ಟಿದ್ದಾರೆ. ಹತ್ತು ವರ್ಷದ ಹುಡುಗನೂ ಆಡಬಹುದು, ಅಪ್ಪನನ್ನು ಸೋಲಿಸಲೂಬಹುದು.

90ರ ದಶಕದಲ್ಲೇ ಈ ಆಟ ನಿಂತಿತು. ನಿಂತ ಮೇಲೆ ಏನಾಯಿತು ಅನ್ನುವುದು ನಮ್ಮೂರ ಕಡೆಯ ಪಾಲುಪಟ್ಟಿ ಜಗಳದ ಹಾಗಿದೆ. ಆಟದ ನಿಯಮ ಅಮೆರಿಕದ ಆಟಿಕೆ ಕಂಪನಿ ಹ್ಯಾಸ್‌ಬ್ರೋದು, ಯಾಕೆಂದರೆ ಮಿಲ್ಟನ್ ಬ್ರಾಡ್ಲಿಯನ್ನು 1984ರಲ್ಲೇ ಹ್ಯಾಸ್‌ಬ್ರೋ ಕೊಂಡಿತ್ತು. ಗೊಂಬೆಗಳ ರೂಪ, ಕೆಲವು ರಾಕ್ಷಸರ ಹೆಸರು ಗೇಮ್ಸ್ ವರ್ಕ್‌ಶಾಪ್‌ದು. ಇನ್ನು 'ಹೀರೋಕ್ವೆಸ್ಟ್' ಅನ್ನುವ ಹೆಸರು? ಅಮೆರಿಕದಲ್ಲಿ ಆ ಟ್ರೇಡ್‌ಮಾರ್ಕ್ ಮಿಲ್ಟನ್ ಬ್ರಾಡ್ಲಿಯ ಕೈತಪ್ಪಿ, ಗ್ರೆಗ್ ಸ್ಟಾಫರ್ಡ್ ಎಂಬಾತನ ಕಂಪನಿಗೆ ಹೋಗಿ, 2003ರಲ್ಲಿ ಸಂಬಂಧವೇ ಇಲ್ಲದ ಒಂದು ರೋಲ್‌ಪ್ಲೇಯಿಂಗ್ ಗೇಮ್‌ಗೆ (ಪಾತ್ರ ವಹಿಸಿ ಕಥೆ ಕಟ್ಟುತ್ತ ಆಡುವ ಆಟಕ್ಕೆ) ಆ ಹೆಸರು ಬಂತು. ಮನೆ ಒಬ್ಬರದು, ಬಾವಿ ಇನ್ನೊಬ್ಬರದು, ಮನೆಗೆ ಹೋಗುವ ದಾರಿ ಮೂರನೆಯವರದು.

ಈ ಸಂದಿಯಲ್ಲಿ 2013ರಲ್ಲಿ ಸ್ಪೇನಿನ ಸಣ್ಣ ಕಂಪನಿಯೊಂದು, ಆಟಕ್ಕೆ 25 ವರ್ಷ ತುಂಬುವ ನೆಪದಲ್ಲಿ, ಹೀರೋಕ್ವೆಸ್ಟ್ ಹೆಸರಿನಲ್ಲೇ ಕಿಕ್‌ಸ್ಟಾರ್ಟರ್ ಎಂಬ ಕ್ರೌಡ್‌ಫಂಡಿಂಗ್ ತಾಣದಲ್ಲಿ ಹಣ ಎತ್ತಲು ಶುರು ಮಾಡಿತು. ದುಡ್ಡು ಹೊಳೆಯಂತೆ ಬಂತು. ಹೆಸರಿನ ಹಕ್ಕಿನವರು ತಕರಾರು ತೆಗೆದರು, ಕಿಕ್‌ಸ್ಟಾರ್ಟರ್ ಅದನ್ನು ನಿಲ್ಲಿಸಿತು. ಅವರು ಸ್ಪೇನಿನದೇ ಬೇರೊಂದು ವೇದಿಕೆಗೆ ಹೋಗಿ ಮತ್ತೆ ಹಣ ಎತ್ತಿದರು. ಕೊಟ್ಟವರು ವರ್ಷಗಟ್ಟಲೆ ಕಾದರು. ಆ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. ಆದರೆ ಅದರಿಂದ ಒಂದು ವಿಷಯ ಹ್ಯಾಸ್‌ಬ್ರೋ ಕಿವಿಗೆ ಬೀಳದೆ ಇರಲು ಸಾಧ್ಯವಿರಲಿಲ್ಲ: ಈ ಹೆಸರಿಗೆ ಇನ್ನೂ ಬೆಲೆ ಇದೆ.

2020ರಲ್ಲಿ ಹ್ಯಾಸ್‌ಬ್ರೋ ಆ ಹೆಸರನ್ನು ಕೊಂಡುಕೊಂಡಿತು. ಹೆಸರು ಮಾರಿದವರು ತಮ್ಮ ರೋಲ್‌ಪ್ಲೇಯಿಂಗ್ ಗೇಮ್‌ಗೆ ಕ್ವೆಸ್ಟ್‌ವರ್ಲ್ಡ್ಸ್ ಅಂತ ಮರುನಾಮಕರಣ ಮಾಡಿಕೊಂಡರು. ಅದೇ ಸೆಪ್ಟೆಂಬರ್‌ನಲ್ಲಿ ಹ್ಯಾಸ್‌ಬ್ರೋ ತನ್ನ ಸ್ವಂತ ಕ್ರೌಡ್‌ಫಂಡಿಂಗ್ ವೇದಿಕೆ ಹ್ಯಾಸ್‌ಲ್ಯಾಬ್‌ನಲ್ಲಿ ಆಟವನ್ನು ಇಟ್ಟಿತು. ಗುರಿ 10 ಲಕ್ಷ ಡಾಲರ್. 100 ಡಾಲರ್‌ಗೆ ಒಂದು ಪೆಟ್ಟಿಗೆ, 150 ಡಾಲರ್‌ಗೆ ಹಳೆಯ ಎರಡು ವಿಸ್ತರಣೆಗಳೂ ಸೇರಿದ ದೊಡ್ಡ ಪೆಟ್ಟಿಗೆ. ನವೆಂಬರ್ ಮೊದಲ ವಾರ ಮುಗಿಯುವಾಗ 37 ಲಕ್ಷ ಡಾಲರ್ ದಾಟಿತ್ತು.

ಪೆಟ್ಟಿಗೆ ಬಂದಾಗ ನಿಯಮ ಅದೇ, ನಕ್ಷೆ ಅದೇ, ದಾಳ ಅದೇ. ಆದರೆ ಗೊಂಬೆಗಳೆಲ್ಲ ಹೊಸದಾಗಿ ಕೆತ್ತಿದವು. ರಾಕ್ಷಸರಲ್ಲಿ ಹಳೆಯ ಕೇಯಾಸ್ ವಾರಿಯರ್ ಈಗ ಡ್ರೆಡ್ ವಾರಿಯರ್. ಒಂಟಿಕಣ್ಣಿನ ಫಿಮಿರ್ ಕಾಣೆ, ಅದರ ಜಾಗದಲ್ಲಿ ಅಬಾಮಿನೇಷನ್. ಪಾಲುಪಟ್ಟಿಯಲ್ಲಿ ತಮಗೆ ಬಾರದ್ದನ್ನು ಹೀಗೆ ಹೊಸದಾಗಿ ಕಟ್ಟಿಕೊಂಡರು.

ಈಗ ಅಸಲು ಪ್ರಶ್ನೆ. 2020ರಲ್ಲಿ ಹ್ಯಾಸ್‌ಬ್ರೋದ ವರಮಾನ ಸುಮಾರು 547 ಕೋಟಿ ಡಾಲರ್. ಅಂಥ ಕಂಪನಿ 10 ಲಕ್ಷ ಡಾಲರ್‌ಗೆ ಜನರ ಮುಂದೆ ಕೈಯೊಡ್ಡುವುದೇ? ಲೆಕ್ಕ ಹಾಕಿದರೆ ಐದು ಸಾವಿರದಲ್ಲಿ ಒಂದು ಪಾಲೂ ಆಗುವುದಿಲ್ಲ. ವರ್ಷಕ್ಕೆ 55 ಲಕ್ಷ ರೂಪಾಯಿ ವ್ಯಾಪಾರ ಮಾಡುವ ದಿನಸಿ ಅಂಗಡಿಯವರು ಹೊಸ ತಕ್ಕಡಿ ತರಲು ಬೀದಿಯಲ್ಲಿ ಒಂದು ಸಾವಿರ ರೂಪಾಯಿ ಚಂದಾ ಎತ್ತಿದ ಹಾಗೆ.

ಕನ್ನಡದವರಿಗೆ ಕ್ರೌಡ್‌ಫಂಡಿಂಗ್ ಅಂದ ಕೂಡಲೇ ನೆನಪಾಗುವುದು 'ಲೂಸಿಯಾ'. ಪವನ್ ಕುಮಾರ್ ಆ ಚಿತ್ರಕ್ಕೆ ನಿರ್ಮಾಪಕರು ಸಿಗದೆ ಜನರ ಹತ್ತಿರ ಹೋಗಿ ಸುಮಾರು 50 ಲಕ್ಷ ರೂಪಾಯಿ ಸೇರಿಸಿದರು, 2013ರಲ್ಲಿ ಚಿತ್ರ ಬಂತು. ಅಲ್ಲಿ ದುಡ್ಡೇ ಇರಲಿಲ್ಲ, ದುಡ್ಡಿಗಾಗಿಯೇ ಕೇಳಿದ್ದು. ಅದನ್ನೇ ತಲೆಯಲ್ಲಿಟ್ಟುಕೊಂಡು ಹ್ಯಾಸ್‌ಬ್ರೋವನ್ನು ನೋಡಿದರೆ ಮೈ ಉರಿಯುತ್ತದೆ. ನನಗೂ ಮೊದಲು ಉರಿದಿತ್ತು. ಆಮೇಲೆ ಅಚ್ಚಿನ ಲೆಕ್ಕ ಅರ್ಥವಾಯಿತು.

ಮರದ ಅಚ್ಚು ಈಗ ಎಲ್ಲಿಗೆ ಬಂತು? ಹಾಂ, ನಾಲ್ಕನೇ ಸಾಲು. ಪ್ಲಾಸ್ಟಿಕ್ ಮಿನಿಯೇಚರ್ ಹುಟ್ಟುವುದು ಅದೇ ತತ್ವದಲ್ಲಿ. ಮರದ ಬದಲು ಉಕ್ಕು, ಸಕ್ಕರೆ ಪಾಕದ ಬದಲು ಕರಗಿದ ಪ್ಲಾಸ್ಟಿಕ್, ರಬ್ಬರ್ ಬ್ಯಾಂಡಿನ ಬದಲು ಟನ್‌ಗಟ್ಟಲೆ ಒತ್ತಡದ ಯಂತ್ರ. ಸೊಂಡಿಲಿನ ಸಮಸ್ಯೆ ಅಲ್ಲೂ ಇದೆ. ಅಚ್ಚು ನೇರವಾಗಿ ಎರಡು ಕಡೆಗೆ ತೆರೆದುಕೊಳ್ಳಬೇಕು. ಗೊಂಬೆಯ ಕೈ ಮೈಗೆ ಅಡ್ಡ ಬಂದಿದ್ದರೆ, ಕತ್ತಿ ಭುಜದ ಹಿಂದೆ ಬಾಗಿದ್ದರೆ, ಅದು ಅಚ್ಚಿಗೆ ಕಚ್ಚಿಕೊಳ್ಳುತ್ತದೆ. ಆಗ ಕೈ ಬೇರೆ, ಕತ್ತಿ ಬೇರೆ ಮಾಡಿ ಅಂಟಿಸಬೇಕು, ಇಲ್ಲವೇ ಅಚ್ಚಿಗೆ ಪಕ್ಕದಿಂದ ಸರಿಯುವ ಹೋಳುಗಳನ್ನು ಸೇರಿಸಬೇಕು. ಎರಡಕ್ಕೂ ಖರ್ಚು. ಒಂದು ಉಕ್ಕಿನ ಅಚ್ಚಿಗೆ ಸಾವಿರಾರು ಡಾಲರ್, ದೊಡ್ಡದಾದರೆ ಹತ್ತಾರು ಸಾವಿರ.

ಚನ್ನಪಟ್ಟಣದ ಗೊಂಬೆಯ ಜೊತೆ ಹೋಲಿಸಿ ನೋಡಿ. ಅಲ್ಲಿ ಕುಶಲಕರ್ಮಿ ಮರದ ತುಂಡನ್ನು ತಿರುಗಣೆಗೆ ಏರಿಸಿ, ಉಳಿ ಹಿಡಿದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತುತ್ತಾನೆ. ಮೊದಲನೇ ಗೊಂಬೆಗೂ ನೂರನೇ ಗೊಂಬೆಗೂ ಹೆಚ್ಚು ಕಡಿಮೆ ಒಂದೇ ಶ್ರಮ. ಹತ್ತೇ ಬೇಕೆಂದರೆ ಹತ್ತೇ ಮಾಡಬಹುದು. ಪ್ಲಾಸ್ಟಿಕ್ಕಿನಲ್ಲಿ ಹಾಗಿಲ್ಲ. ಸುಮ್ಮನೆ ಉದಾಹರಣೆಗೆ ಒಂದು ಅಂಕಿ ಹಿಡಿಯೋಣ: ಒಂದು ಪೆಟ್ಟಿಗೆಯ ಎಲ್ಲ ಅಚ್ಚುಗಳಿಗೆ ಸೇರಿ ಮೂರು ಲಕ್ಷ ಡಾಲರ್ ಆಯಿತು ಅನ್ನಿ. ಸಾವಿರ ಪೆಟ್ಟಿಗೆ ಮಾರಿದರೆ ಒಂದೊಂದರ ತಲೆಯ ಮೇಲೂ ಅಚ್ಚಿನ ಪಾಲು 300 ಡಾಲರ್. 25 ಸಾವಿರ ಮಾರಿದರೆ 12 ಡಾಲರ್. ಮೊದಲನೆಯದರಲ್ಲಿ ಆಟ ಸತ್ತಿತು, ಎರಡನೆಯದರಲ್ಲಿ ಲಾಭ. ಮಧ್ಯದಲ್ಲಿರುವುದು ಒಂದೇ ಪ್ರಶ್ನೆ, ಎಷ್ಟು ಜನ ಕೊಳ್ಳುತ್ತಾರೆ?

ಹೊಸ ಸಿನಿಮಾದ ಆಟಿಕೆಗೆ ಆ ಅಂದಾಜು ಕಂಪನಿಗೆ ಗೊತ್ತಿರುತ್ತದೆ. ಇಪ್ಪತ್ತು ವರ್ಷದ ಹಿಂದೆ ನಿಂತ ಆಟಕ್ಕೆ ಅಂದಾಜು ಮಾಡುವವರು ಯಾರು? ಹಳೆ ಪೆಟ್ಟಿಗೆ ಹರಾಜಿನಲ್ಲಿ ನೂರಾರು ಡಾಲರ್‌ಗೆ ಹೋಗುತ್ತದೆ ನಿಜ. ಆದರೆ ಅದು ಇಬ್ಬರು ಹಟಮಾರಿಗಳ ಪೈಪೋಟಿಯೂ ಆಗಿರಬಹುದು, ಇಪ್ಪತ್ತು ಸಾವಿರ ಜನರ ಆಸೆಯೂ ಆಗಿರಬಹುದು. ಬೆಲೆ ನೋಡಿ ತಲೆ ಎಣಿಸಲಾಗುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಲೂಸಿಯಾದಂಥ ಕಡೆ ಕ್ರೌಡ್‌ಫಂಡಿಂಗ್ ಅಂದರೆ ದುಡ್ಡು, ಹ್ಯಾಸ್‌ಬ್ರೋದಂಥ ಕಡೆ ಅದು ಜನಗಣತಿ. ಅಭಿಮಾನಿಗಳು ತಾವು ಇದ್ದೇವೆ ಅಂತ ಕಾರ್ಡ್ ನಂಬರ್ ಕೊಟ್ಟು ಸಾಬೀತು ಮಾಡಬೇಕು. ಕನ್ನಡ ಪ್ರಕಾಶಕರ 'ಪ್ರಕಟಣಪೂರ್ವ ಬೆಲೆ'ಗೆ ಇದು ಹತ್ತಿರ. ಹಣ ಮೊದಲು ಕೊಡಿ, ಕಡಿಮೆಗೆ ಕೊಡುತ್ತೇವೆ, ಎಷ್ಟು ಪ್ರತಿ ಅಚ್ಚು ಹಾಕಬೇಕೆಂದು ನಮಗೂ ಗೊತ್ತಾಗುತ್ತದೆ. ನೋಡಿ, ಅಲ್ಲೂ ಪದ 'ಅಚ್ಚು'.

ಹ್ಯಾಸ್‌ಲ್ಯಾಬ್ ಶುರುವಾದದ್ದೇ ಹೀಗೆ. 2018ರಲ್ಲಿ ಸ್ಟಾರ್ ವಾರ್ಸ್ ಸಿನಿಮಾದ ಖಳ ಜಬ್ಬಾನ ದೋಣಿಯ ಆಟಿಕೆ, 500 ಡಾಲರ್ ಬೆಲೆ, 5,000 ಜನ ಬಂದರೆ ಮಾತ್ರ ಮಾಡುತ್ತೇವೆ ಅಂದರು. 8,800ಕ್ಕೂ ಹೆಚ್ಚು ಜನ ಬಂದರು. ಕುಕೀ ಮಾನ್‌ಸ್ಟರ್ ಗೊಂಬೆಗೆ ಸಾಕಷ್ಟು ಜನ ಬರಲಿಲ್ಲ, ಮಾಡಲಿಲ್ಲ. ಯಾರ ದುಡ್ಡೂ ಹೋಗಲಿಲ್ಲ. ಇದರಲ್ಲಿ ಒಂದು ಮರ್ಯಾದೆ ಇದೆ ಅಂತ ನನಗೆ ಅನ್ನಿಸುತ್ತದೆ. 'ಆಗಲ್ಲ' ಅಂತ ಮೊದಲೇ ಹೇಳುವುದು.

ಈಗ ಎರಡನೇ ಆಟ. ಹೀರೋಸ್ಕೇಪ್. 2004ರಲ್ಲಿ ಬಂತು. ವಿನ್ಯಾಸಕಾರರು ಮೂವರು: ಕ್ರೇಗ್ ವ್ಯಾನ್ ನೆಸ್, ರಾಬ್ ಡೇವಿಯೊ, ಮತ್ತೆ ಅದೇ ಸ್ಟೀಫನ್ ಬೇಕರ್. ಈ ಆಟದ ಮೇಲೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ.

ಜೇನುಗೂಡಿನ ಕಣದಂಥ ಆರು ಮೂಲೆಯ ಪ್ಲಾಸ್ಟಿಕ್ ಹಲಗೆಗಳು, ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಒಂದರ ಮೇಲೊಂದು ಕೂರುತ್ತವೆ. ಹುಲ್ಲು, ಬಂಡೆ, ಮರಳು, ನೀರು. ಮೊದಲ ಪೆಟ್ಟಿಗೆಯಲ್ಲೇ 85 ಹಲಗೆ, ಬಣ್ಣ ಹಚ್ಚಿಯೇ ಬಂದ 30 ಗೊಂಬೆ. ಅರ್ಧ ಗಂಟೆ ಬೆಟ್ಟ ಕಟ್ಟುವುದು, ಆಮೇಲೆ ಜಗಳ ಆಡುವುದು. ಯಾರು ಯಾರ ಜೊತೆ? ವೈಕಿಂಗ್‌ಗಳು, ಜಪಾನಿನ ಸಮುರಾಯ್‌ಗಳು, ಎರಡನೇ ಮಹಾಯುದ್ಧದ ಪ್ಯಾರಾಟ್ರೂಪರ್‌ಗಳು, ರೋಬಾಟುಗಳು, ಡೈನೋಸಾರ್ ಮೇಲೆ ಕೂತ ಓರ್ಕ್, ಮಿಮ್‌ರಿಂಗ್ ಎಂಬ ಡ್ರ್ಯಾಗನ್. ವಾಲ್ಕಿರಿಗಳು, ಅಂದರೆ ನಾರ್ಸ್ ಪುರಾಣದ ಯುದ್ಧಕನ್ಯೆಯರು, ಎಲ್ಲ ಕಾಲದ ವೀರರನ್ನೂ ಒಂದೇ ರಣರಂಗಕ್ಕೆ ಎಳೆದು ತಂದಿದ್ದಾರೆ ಅನ್ನುವುದು ಕಥೆ. ಯಾವ ತರ್ಕಕ್ಕೂ ನಿಲ್ಲದ ಕಥೆ, ಆದರೆ ಒಬ್ಬ ಎಂಟು ವರ್ಷದ ಹುಡುಗ ತನ್ನ ಆಟಿಕೆ ಡಬ್ಬಿಯನ್ನೆಲ್ಲ ನೆಲಕ್ಕೆ ಸುರಿದುಕೊಂಡರೆ ಹುಟ್ಟುವ ಕಥೆ ಇದೇ ತಾನೆ. ಅಂಟಿಸುವುದಿಲ್ಲ, ಬಣ್ಣ ಹಚ್ಚುವುದಿಲ್ಲ, ಪೆಟ್ಟಿಗೆ ಒಡೆದು ಆಡುವುದು. ಬೆಲೆ ಆಗ ಸುಮಾರು 40 ಡಾಲರ್.

2010ರಲ್ಲಿ ನಿಲ್ಲಿಸಿದರು. ಅಭಿಮಾನಿಗಳು ಬಿಡಲಿಲ್ಲ. ಬೇರೆ ಕಂಪನಿಗಳ ಗೊಂಬೆಗಳನ್ನು ತಂದು, ತಾವೇ ಹೊಸ ಕಾರ್ಡು ಬರೆದು, ತಿಂಗಳುಗಟ್ಟಲೆ ಆಡಿ ಪರೀಕ್ಷಿಸಿ, ಆಟವನ್ನು ಉಸಿರಾಡಿಸುತ್ತ ಇದ್ದರು.

2022ರ ಕೊನೆಯಲ್ಲಿ ಹ್ಯಾಸ್‌ಬ್ರೋ ಅದನ್ನು ಹ್ಯಾಸ್‌ಲ್ಯಾಬ್‌ಗೆ ತಂದಿತು. 'ಏಜ್ ಆಫ್ ಅನೈಹಿಲೇಷನ್' ಅಂತ ಹೊಸ ಉಪನಾಮ. ಷರತ್ತು: 250 ಡಾಲರ್, 8,000 ಜನ. ಗೊಂಬೆಗಳಿಗೆ ಬಣ್ಣ ಇಲ್ಲ.

ಗುರಿ ಮುಟ್ಟಲಿಲ್ಲ. ನವೆಂಬರ್‌ನಲ್ಲಿ ಗಡುವು ಮುಗಿಯಿತು, ಯೋಜನೆ ಬಿದ್ದಿತು.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಹೀರೋಕ್ವೆಸ್ಟ್‌ನ 10 ಲಕ್ಷ ಡಾಲರ್ ಅಂದರೆ ಸಣ್ಣ ಪೆಟ್ಟಿಗೆಯ ಲೆಕ್ಕದಲ್ಲಿ 10,000 ಪೆಟ್ಟಿಗೆ, ದೊಡ್ಡದರ ಲೆಕ್ಕದಲ್ಲಿ 6,600 ಚಿಲ್ಲರೆ. ಹೀರೋಸ್ಕೇಪ್‌ಗೆ 8,000. ತಲೆಗಳ ಸಂಖ್ಯೆ ಹೆಚ್ಚು ಕಡಿಮೆ ಅದೇ. ಆದರೆ ಒಟ್ಟು ಮೊತ್ತ 20 ಲಕ್ಷ ಡಾಲರ್, ದುಪ್ಪಟ್ಟು. ಬಾಗಿಲಲ್ಲಿ ಕೇಳುವ ಟಿಕೆಟ್ 100 ಇದ್ದದ್ದು 250. ಹೀರೋಕ್ವೆಸ್ಟ್ ತೆಗೆದುಕೊಳ್ಳಲು 'ಒಂದು ಕೈ ನೋಡೋಣ' ಅನ್ನುವ ಕುತೂಹಲ ಸಾಕಿತ್ತು. ಹೀರೋಸ್ಕೇಪ್‌ಗೆ ಕುತೂಹಲ ಸಾಲದು, ಹೆಂಡತಿಯ ಅಥವಾ ಗಂಡನ ಅನುಮತಿ ಬೇಕು.

ಅದಕ್ಕಿಂತ ಕೆಟ್ಟದ್ದು ಬಣ್ಣದ ವಿಷಯ. ಹೀರೋಕ್ವೆಸ್ಟ್ 1989ರಲ್ಲೂ ಬಣ್ಣವಿಲ್ಲದ ಆಟವೇ, 2020ರಲ್ಲೂ ಹಾಗೇ ಬಂತು, ಯಾರೂ ಏನೂ ಅನ್ನಲಿಲ್ಲ. ಹೀರೋಸ್ಕೇಪ್‌ನ ಜೀವವೇ ಬಣ್ಣ ಹಚ್ಚಿ ಬರುವುದರಲ್ಲಿತ್ತು. ಹಳೆಯ ಬಣ್ಣದ ಸೇನೆಯ ಪಕ್ಕದಲ್ಲಿ ಹೊಸ ಬೂದು ಸೇನೆ ನಿಲ್ಲಿಸಿದರೆ ಹೇಗೆ ಕಾಣುತ್ತದೆ? ಮದುವೆ ಮನೆಯ ಗ್ರೂಪ್ ಫೋಟೋದಲ್ಲಿ ಒಬ್ಬರು ಮಾತ್ರ ಕಪ್ಪುಬಿಳುಪಿನಲ್ಲಿ ಬಂದ ಹಾಗೆ. ಹಳೆ ಆಟವನ್ನು ಮತ್ತೆ ತರುವಾಗ ಏನನ್ನು ಬದಲಿಸಬಹುದು, ಏನನ್ನು ಮುಟ್ಟಬಾರದು ಅನ್ನುವುದು ಅಚ್ಚಿನ ಲೆಕ್ಕದಲ್ಲಿ ಸಿಗುವ ಉತ್ತರವಲ್ಲ. ಕೈಯಿಂದ ಬಣ್ಣ ಹಚ್ಚಿಸುವುದು 2004ರಷ್ಟು ಅಗ್ಗವಾಗಿ ಉಳಿದಿಲ್ಲ ಅನ್ನುವುದು ನಿಜ. ಹಾಗಂತ ಉಪ್ಪು ದುಬಾರಿಯಾಯಿತು ಅಂತ ಉಪ್ಪಿನಕಾಯಿಗೆ ಉಪ್ಪು ಬಿಡಲಾಗುತ್ತದೆಯೇ?

ಇನ್ನೊಂದು ಲೆಕ್ಕ ನನ್ನದೇ ಊಹೆ, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. 1989ರಲ್ಲಿ ಹತ್ತು ವರ್ಷದವನಿಗೆ 2020ರಲ್ಲಿ 41. ಸಾಲದ ಕಂತು ಅರ್ಧ ತೀರಿದೆ, ಮಗಳಿಗೆ ಹತ್ತು ವರ್ಷ, ಅವಳಿಗೆ ತನ್ನ ಬಾಲ್ಯ ತೋರಿಸುವ ಆಸೆ. ಜೊತೆಗೆ ಕೋವಿಡ್, ಎಲ್ಲರೂ ಮನೆಯಲ್ಲಿ. 2004ರಲ್ಲಿ ಹತ್ತು ವರ್ಷದವನಿಗೆ 2022ರಲ್ಲಿ 28. ಬಾಡಿಗೆ ಮನೆ, ಇಡಲು ಜಾಗವಿಲ್ಲ, ಅದೂ ಅಮೆರಿಕದಲ್ಲಿ ಹಣದುಬ್ಬರ ಶೇ 9 ದಾಟಿದ ವರ್ಷ. ಹಳೆಯ ನೆನಪಿಗೂ ಹಣ್ಣಾಗುವ ಕಾಲ ಒಂದಿದೆ. ಹೀರೋಸ್ಕೇಪ್ ಇನ್ನೂ ದೋರಗಾಯಿ ಇದ್ದಾಗಲೇ ಕಿತ್ತರು.

ಆಮೇಲೆ ನಡೆದದ್ದು ಸ್ವಾರಸ್ಯ. ಹ್ಯಾಸ್‌ಬ್ರೋ ಆ ಆಟವನ್ನು ರೆನೆಗೇಡ್ ಗೇಮ್ ಸ್ಟುಡಿಯೋಸ್ ಎಂಬ ಚಿಕ್ಕ ಕಂಪನಿಗೆ ಲೈಸೆನ್ಸ್ ಕೊಟ್ಟಿತು. ಅವರು ಕ್ರೌಡ್‌ಫಂಡಿಂಗ್ ಗೊಡವೆಗೆ ಹೋಗಲಿಲ್ಲ. 2024ರಲ್ಲಿ ಸೀದಾ ಅಂಗಡಿಗೆ ತಂದರು. ಒಂದೇ ದೈತ್ಯ ಪೆಟ್ಟಿಗೆಯ ಬದಲು ಸಣ್ಣ ಸಣ್ಣ ಪೆಟ್ಟಿಗೆ, ಸೇನೆ ಬೇರೆ, ಹಲಗೆ ಬೇರೆ. ಬಣ್ಣ ಇಲ್ಲದ್ದೂ ಉಂಟು, ಹೆಚ್ಚು ಕೊಟ್ಟರೆ ಬಣ್ಣ ಹಚ್ಚಿದ್ದೂ ಉಂಟು. ಹಲಗೆಗಳು ಹಳೆಯವಕ್ಕೆ ಕಚ್ಚಿಕೊಳ್ಳುತ್ತವೆ.

ಅಂದರೆ 2022ರ ಜನಗಣತಿ ಹೇಳಿದ್ದು 'ಈ ಆಟ ನಮಗೆ ಬೇಡ' ಅಂತಲ್ಲ. 'ಈ ಪೆಟ್ಟಿಗೆ, ಈ ಬೆಲೆಗೆ ಬೇಡ' ಅಂತ. ಕಂಪನಿಗಳು ಇವೆರಡನ್ನೂ ಬೇರೆಬೇರೆಯಾಗಿ ಕೇಳಿಸಿಕೊಳ್ಳುವುದು ಅಪರೂಪ. ಎಷ್ಟೋ ಹಳೆಯ ಆಟಗಳು ಇಂಥ ಒಂದು ಸೋಲಿನ ನಂತರ 'ಮಾರ್ಕೆಟ್ ಇಲ್ಲ' ಅನ್ನುವ ಹಣೆಪಟ್ಟಿ ಹೊತ್ತು ಶಾಶ್ವತವಾಗಿ ಅಟ್ಟ ಸೇರಿಬಿಡುತ್ತವೆ.

ಬೇರೆಯವರ ಬಗ್ಗೆ ಎರಡೆರಡು ಮಾತು. ಬ್ಯಾಟಲ್‌ಟೆಕ್ ಗೊತ್ತಲ್ಲ, ದೈತ್ಯ ರೋಬಾಟುಗಳ ಕಾಳಗದ ಆಟ? 1984ರಲ್ಲಿ ಷಿಕಾಗೋದ ಫಾಸಾ ಕಂಪನಿ 'ಬ್ಯಾಟಲ್‌ಡ್ರಾಯ್ಡ್ಸ್' ಹೆಸರಲ್ಲಿ ತಂದದ್ದು. 'ಡ್ರಾಯ್ಡ್' ನಮ್ಮ ಪದ ಅಂತ ಸ್ಟಾರ್ ವಾರ್ಸ್ ತೆಗೆದ ಲ್ಯೂಕಾಸ್‌ಫಿಲ್ಮ್ ತಕರಾರು ಮಾಡಿದ ಮೇಲೆ ಹೆಸರು ಬದಲಾಯಿತು. ಆಮೇಲೆ ರೋಬಾಟುಗಳ ಚಿತ್ರಗಳ ಬಗ್ಗೆಯೂ ವ್ಯಾಜ್ಯ. ಅವು ಜಪಾನಿ ಅನಿಮೇಷನ್‌ನಿಂದ ಬಂದವು, ಹಾಗಾಗಿ ವರ್ಷಗಟ್ಟಲೆ ಅವನ್ನು ಮುದ್ರಿಸುವಂತಿರಲಿಲ್ಲ, ಆಟಗಾರರು ಅವಕ್ಕೆ 'ಅನ್‌ಸೀನ್' ಅಂತಲೇ ಹೆಸರಿಟ್ಟಿದ್ದರು. 2001ರಲ್ಲಿ ಫಾಸಾ ಬಾಗಿಲು ಹಾಕಿತು. ಕೈಯಿಂದ ಕೈಗೆ ದಾಟಿ ಆಟ ಕ್ಯಾಟಲಿಸ್ಟ್ ಗೇಮ್ ಲ್ಯಾಬ್ಸ್‌ಗೆ ಬಂತು. ಅವರು 2019ರಲ್ಲಿ ಹೊಸ ಪ್ಲಾಸ್ಟಿಕ್ ರೋಬಾಟುಗಳಿಗೆ ಕಿಕ್‌ಸ್ಟಾರ್ಟರ್ ಮಾಡಿ ಸುಮಾರು 25.8 ಲಕ್ಷ ಡಾಲರ್ ಎತ್ತಿದರು, 2023ರಲ್ಲಿ ಮತ್ತೆ ಮಾಡಿ ಸುಮಾರು 75 ಲಕ್ಷ. ಗಮನಿಸಿ, ಎರಡನೇ ಸಲ ಜನ ಮೂರರಷ್ಟು ಕೊಟ್ಟರು. ಮೊದಲ ಸಲದ ಪೆಟ್ಟಿಗೆ ಮನೆ ತಲುಪಿತ್ತಲ್ಲ.

ತಲುಪದಿದ್ದರೆ? ಪಲೇಡಿಯಂ ಬುಕ್ಸ್ 1981ರಿಂದ ಇರುವ ರೋಲ್‌ಪ್ಲೇಯಿಂಗ್ ಕಂಪನಿ, ಎಳಸಲ್ಲ. 2013ರಲ್ಲಿ ರೋಬೊಟೆಕ್ ಎಂಬ ರೋಬಾಟು ಕಾರ್ಟೂನ್ ಸರಣಿಯ ಮಿನಿಯೇಚರ್ ಆಟಕ್ಕೆ 14.4 ಲಕ್ಷ ಡಾಲರ್ ಎತ್ತಿತು. ಐದು ಸಾವಿರಕ್ಕೂ ಹೆಚ್ಚು ಜನರ ದುಡ್ಡು. ಹಣ ಏರಿದಂತೆಲ್ಲ ಇನ್ನೊಂದು ಗೊಂಬೆ ಕೊಡುತ್ತೇವೆ, ಮತ್ತೊಂದು ಕೊಡುತ್ತೇವೆ ಅಂತ ಸ್ಟ್ರೆಚ್ ಗೋಲ್‌ಗಳು. ಪ್ರತಿ ಗೊಂಬೆಗೂ ಒಂದು ಅಚ್ಚು ಬೇಕು ಅನ್ನುವುದು ಪುಸ್ತಕ ಮಾಡಿ ಅಭ್ಯಾಸವಾದವರಿಗೆ ಹೊಳೆಯುವುದು ತಡ. ಪುಸ್ತಕಕ್ಕೆ ಎಂಟು ಪುಟ ಸೇರಿಸಿದರೆ ಎಂಟು ಪುಟದ ಕಾಗದ. ಗೊಂಬೆ ಒಂದು ಸೇರಿಸಿದರೆ ಉಕ್ಕಿನ ಇನ್ನೊಂದು ದಿಮ್ಮಿ. ಮೊದಲ ಕಂತು 2014ರಲ್ಲಿ ಹೋಯಿತು. ಎರಡನೇ ಕಂತು ಕೊಡಲಾಗುವುದಿಲ್ಲ ಅಂತ 2018ರ ಫೆಬ್ರವರಿಯಲ್ಲಿ ಹೇಳಿದರು. ಬಾರದ ಎರಡನೇ ಕಂತಿನ ಬದಲು ಮಾರಾಟವಾಗದೆ ಉಳಿದ ಮೊದಲ ಕಂತಿನ ಗೊಂಬೆಗಳನ್ನೇ ತೆಗೆದುಕೊಳ್ಳಿ ಅಂದರು. ಹೋಳಿಗೆ ಬಡಿಸುತ್ತೇವೆ ಅಂತ ಕೂರಿಸಿ, ಮತ್ತೆ ಅನ್ನ ಬಡಿಸಿದ ಹಾಗೆ. ತಮಾಷೆ ಅಂದರೆ ಈ ರೋಬೊಟೆಕ್ ರೋಬಾಟುಗಳೂ, ಬ್ಯಾಟಲ್‌ಟೆಕ್‌ನವರು ಮುದ್ರಿಸಲಾಗದೆ ಒದ್ದಾಡಿದ 'ಅನ್‌ಸೀನ್'ಗಳಲ್ಲಿ ಹಲವೂ ಒಂದೇ ಮೂಲದವು.

ಹಳೆಯ ಕಂಪನಿ ಅನ್ನುವುದು ಮಾತ್ರ ಭರವಸೆಯಲ್ಲ ಅಂತ ಅವತ್ತು ಗೊತ್ತಾಯಿತು. ಹಳೆಯ ಕಂಪನಿ ಯಾವುದರಲ್ಲಿ ಹಳೆಯದು ಅನ್ನುವುದನ್ನು ನೋಡಬೇಕು.

ಗೇಮ್ಸ್ ವರ್ಕ್‌ಶಾಪ್ ಈ ಸಂತೆಗೆ ಬಂದಿಲ್ಲ. ತನ್ನ ಹಳೆಯ ಆಟಗಳಲ್ಲಿ ಬ್ಲಡ್ ಬೌಲ್ ಅನ್ನು 2016ರಲ್ಲಿ, ನೆಕ್ರೊಮುಂಡಾವನ್ನು 2017ರಲ್ಲಿ ಯಾರನ್ನೂ ಮುಂಗಡ ಕೇಳದೆ ಮತ್ತೆ ತಂದಿತು. 2015ರಲ್ಲಿ ತಾನೇ ಮುಗಿಸಿದ ವಾರ್‌ಹ್ಯಾಮರ್ ಫ್ಯಾಂಟಸಿಯನ್ನು 2024ರ ಜನವರಿಯಲ್ಲಿ 'ದಿ ಓಲ್ಡ್ ವರ್ಲ್ಡ್' ಅಂತ ಮತ್ತೆ ತಂದಾಗ, ಬ್ರೆಟೋನಿಯಾ ಮತ್ತು ಟೂಂಬ್ ಕಿಂಗ್ಸ್ ಸೇನೆಗಳಲ್ಲಿ ಬಹುಪಾಲು ಹಳೆಯ ಕಿಟ್‌ಗಳೇ ಇದ್ದವು. ನಾಟಿಂಗ್‌ಹ್ಯಾಮ್‌ನಲ್ಲಿ ಅವರದೇ ಕಾರ್ಖಾನೆ, ಅವರದೇ ಅಚ್ಚು, ಅವರದೇ ಅಂಗಡಿ. ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಪ್ಲಾಸ್ಟಿಕ್ ಸುರಿದರೆ ಆಯಿತು. ಅಭಿಮಾನಿಗಳು ಗೊಣಗಿದರು, 'ಹಳೆ ಗೊಂಬೆಗೆ ಹೊಸ ಬೆಲೆ' ಅಂತ. ಗೊಣಗುತ್ತಲೇ ಕೊಂಡರು.

ನಾನು ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆ ಇದ್ದರೆ ಕೇಳಿ.

ಮೊದಲ ಸಾಲಿನಲ್ಲಿದ್ದವರೊಬ್ಬರು: ನಷ್ಟದ ಭಯವನ್ನು ನಮ್ಮ ತಲೆಗೆ ಕಟ್ಟಿ ಲಾಭ ಮಾತ್ರ ಅವರು ತಿನ್ನುವುದಲ್ಲವೇ ಇದು?

ಹೌದು, ಅರ್ಧ ನಿಜ. ನೀವು ಒಂದು ವರ್ಷ ಮುಂಚೆ ದುಡ್ಡು ಕೊಡುತ್ತೀರಿ, ಪಾಲುದಾರರಾಗುವುದಿಲ್ಲ. ಆಟ ಹಿಟ್ ಆದರೆ ನಿಮಗೆ ಡಿವಿಡೆಂಡ್ ಇಲ್ಲ. ಹೀರೋಕ್ವೆಸ್ಟ್ ಆಮೇಲೆ ಅಂಗಡಿಗೂ ಬಂತು, ಒಂದಾದ ಮೇಲೊಂದು ವಿಸ್ತರಣೆಗಳೂ ಬಂದವು. ಆ ಮುಂದಿನ ವ್ಯಾಪಾರದ ಅಡಿಪಾಯ ಹಾಕಿದವರು 2020ರಲ್ಲಿ ಕಾರ್ಡ್ ಉಜ್ಜಿದವರು. ನನ್ನ ತಕರಾರು ಕಂಪನಿ ಮುಂಗಡ ಕೇಳಿದ್ದಕ್ಕಲ್ಲ. 'ನೀವಿಲ್ಲದೆ ಈ ಕನಸು ನನಸಾಗದು' ಅನ್ನುವ ಧಾಟಿಯ ವಿಡಿಯೋ ಮಾಡುತ್ತಾರಲ್ಲ, ಅದಕ್ಕೆ. 547 ಕೋಟಿ ಡಾಲರ್‌ನ ಕಂಪನಿ ಕಣ್ಣೀರು ಒರೆಸಿಕೊಳ್ಳಬಾರದು. ಮುಂಗಡ ಬುಕಿಂಗ್ ಅಂತ ನೇರ ಹೇಳಲಿ, ನಾವೇನು ಬೇಡ ಅನ್ನುತ್ತೇವೆಯೇ.

ಇನ್ನೊಬ್ಬರು: ನಾವು ಇಲ್ಲಿಂದ ಕೊಳ್ಳಬಹುದಾ?

ಹ್ಯಾಸ್‌ಲ್ಯಾಬ್‌ನ ಹೀರೋಕ್ವೆಸ್ಟ್ ಮೊದಲು ಅಮೆರಿಕ, ಕೆನಡಾದವರಿಗಷ್ಟೇ ಇಟ್ಟದ್ದು. ಕಿಕ್‌ಸ್ಟಾರ್ಟರ್‌ನಲ್ಲಾದರೆ ಇಲ್ಲಿಂದ ದುಡ್ಡು ಹಾಕಬಹುದು, ಆದರೆ ಭಾರತದಲ್ಲಿದ್ದುಕೊಂಡು ಯೋಜನೆ ಶುರು ಮಾಡಲು ಅಲ್ಲಿ ಅವಕಾಶವಿಲ್ಲ. ಇನ್ನು ಸಾಗಣೆ ಮತ್ತು ಕಸ್ಟಮ್ಸ್ ಸೇರಿದರೆ ಪೆಟ್ಟಿಗೆಯ ಬೆಲೆ ಎಲ್ಲಿಗೆ ಹೋಗುತ್ತದೆ ಅಂತ ಈ ಕೋಣೆಯಲ್ಲಿರುವವರಿಗೆ ನಾನು ಹೇಳಬೇಕಾಗಿಲ್ಲ. ಅಮೆರಿಕದಿಂದ ಬರುವ ಸೋದರಮಾವನ ಸೂಟ್‌ಕೇಸೇ ನಮ್ಮ ಕಂಟೇನರ್.

ಹಿಂದಿನ ಸಾಲಿನ ಹುಡುಗನೊಬ್ಬ: ಸರ್, ಈಗ ರೆಸಿನ್ 3ಡಿ ಪ್ರಿಂಟರ್ ಇದೆಯಲ್ಲ, ಅಚ್ಚೇ ಯಾಕೆ ಬೇಕು?

ಒಳ್ಳೆಯ ಪ್ರಶ್ನೆ. ಪ್ರಿಂಟರ್ ಅಂದರೆ ಚನ್ನಪಟ್ಟಣದ ತಿರುಗಣೆ ಇದ್ದ ಹಾಗೆ. ಮೊದಲನೆಯದಕ್ಕೂ ನೂರನೆಯದಕ್ಕೂ ಅಷ್ಟೇ ಹೊತ್ತು, ಅಷ್ಟೇ ಖರ್ಚು. ನಿಮ್ಮ ಒಂದು ಮೇಜಿಗೆ ಅದೇ ಸರಿ. ಒಂದು ಗೊಂಬೆಗೆ ಗಂಟೆಗಟ್ಟಲೆ ತೆಗೆದುಕೊಳ್ಳುವ ಯಂತ್ರದಲ್ಲಿ 25 ಸಾವಿರ ಪೆಟ್ಟಿಗೆ ತುಂಬಿಸಲಾಗುವುದಿಲ್ಲ. ಆದರೆ ನಿಂತುಹೋದ ಆಟಕ್ಕೆ 25 ಸಾವಿರ ಪೆಟ್ಟಿಗೆ ಬೇಕೇಬೇಕು ಅಂತ ಹೇಳಿದವರು ಯಾರು, ಅನ್ನುವುದು ನಿನ್ನ ಮುಂದಿನ ಪ್ರಶ್ನೆಯಾಗಿದ್ದರೆ, ಅದಕ್ಕೆ ನನ್ನ ಹತ್ತಿರ ಜವಾಬಿಲ್ಲ. ಒಂದು ಊರಿನಲ್ಲಿ ಐದು ಮೇಜು ಇದ್ದರೆ ಆ ಊರಿನ ಮಟ್ಟಿಗೆ ಆಟ ಬದುಕಿದೆ.

ಕಾರ್ಯಕ್ರಮ ಮುಗಿದು ಕಾಫಿ ಕುಡಿಯುತ್ತಿದ್ದಾಗ ಅದೇ ಹುಡುಗ ಸಕ್ಕರೆ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು ಎಲ್ಲ ಕೋನದಿಂದಲೂ ಫೋಟೋ ತೆಗೆಯುತ್ತಿದ್ದ. ಸ್ಕ್ಯಾನ್ ಮಾಡಿ, ಸೊಂಡಿಲನ್ನು ಸ್ವಲ್ಪ ಮೈಗೆ ಒತ್ತಿ ಕೂರಿಸಿದರೆ ಮುರಿಯುವುದಿಲ್ಲ, ಸಿಲಿಕೋನ್‌ನಲ್ಲಿ ಹತ್ತು ಅಚ್ಚು ಮಾಡಬಹುದು ಅಂದ. ಮಾಡಪ್ಪ ಅಂದೆ.

'ಆದ್ರೆ ಸರ್, ಇದರ ಹಕ್ಕು ಯಾರದು?'

ಅಜ್ಜಿ ಹೋಗಿ ಒಂಬತ್ತು ವರ್ಷ. ಅಚ್ಚು ಸದ್ಯಕ್ಕೆ ನಮ್ಮಮ್ಮನ ಹತ್ತಿರ ಇದೆ, ಅಮ್ಮನಿಗೆ ಮೂವರು ತಂಗಿಯರು, ಮೂವರಿಗೂ ಪ್ರತಿ ಸಂಕ್ರಾಂತಿಗೆ ಇದು ನೆನಪಾಗುತ್ತದೆ. ಆ ಪ್ರಶ್ನೆ ಮಾತ್ರ ಮನೆಗೆ ಬಂದು ಕೇಳಬೇಡ ಅಂತ ಹೇಳಿ ಅಚ್ಚನ್ನು ಚೀಲಕ್ಕೆ ಹಾಕಿಕೊಂಡೆ.